ಇಸ್ತ್ರಿ ಅಕ್ಕನ ಜರಿ, ಮಡಿಕೆ ಮಾವನ ಕಳ್ಳಿ

ಸುಮ್ಮನಿರುವುದೂ ಒಂದು ಕೆಲಸ ಎಂದು ಇಸ್ತ್ರಿ ಅಕ್ಕನಿಗೆ ಯಾರೂ ಕಲಿಸಿರಲಿಲ್ಲ. ಕಲಿಸಲು ಬಂದಿದ್ದರೆ, ಕಾಲರ್ ಸುಕ್ಕಾಗಿದೆ ಎಂದು ಅವರ ಅಂಗಿಯನ್ನೇ ಬಿಚ್ಚಿಸಿಕೊಂಡು ಒಂದು ಎಳೆ ಇಸ್ತ್ರಿ ಎಳೆದು ಕಳಿಸುತ್ತಿದ್ದಳು. ವಯಸ್ಸು ಐವತ್ತೆರಡು. ಅದರಲ್ಲಿ ಇಪ್ಪತ್ತೊಂದು ವರ್ಷ ಲಾಂಡ್ರಿಯ ಹಿಂಗೋಣೆಯಲ್ಲಿ, ಉಗಿ ಪ್ರೆಸ್ಸಿನ ಮುಂದೆ ನಿಂತೇ ಕಳೆದಿತ್ತು. ಬಲಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ಏಳು ಸುಟ್ಟ ಗೆರೆಗಳಿದ್ದವು, ಅಳತೆಪಟ್ಟಿಯ ಹಾಗೆ. ಮನೆಯಲ್ಲೂ ಅವಳ ಕೈ ನಿಂತದ್ದಿಲ್ಲ. ಕುದಿಯುವುದನ್ನು ಕದಡಬೇಕು, ಮುಚ್ಚಿದ್ದನ್ನು ತೆರೆದು ನೋಡಬೇಕು, ನೆಟ್ಟಗಿದ್ದದ್ದನ್ನು ಇನ್ನಷ್ಟು ನೆಟ್ಟಗೆ ಮಾಡಬೇಕು. ಒಮ್ಮೆ ಗಂಡ ಓದದೆ ಬಿಟ್ಟಿದ್ದ ಪತ್ರಿಕೆ ಮುದುಡಿದೆಯೆಂದು ಅದಕ್ಕೂ ಇಸ್ತ್ರಿ ಹಾಕಿದ್ದಳು. ಆತ ಕೈಗೆತ್ತಿಕೊಂಡು, "ಇವತ್ತು ಸುದ್ದಿ ಬಿಸಿಬಿಸಿಯಾಗಿದೆ ಕಣೇ" ಎಂದಷ್ಟೇ ಹೇಳಿ ಓದಲು ಕೂತ. ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಆತ ಕಲಿತ ಮುಖ್ಯ ವಿದ್ಯೆ ಅದು.

ಲಾಂಡ್ರಿಗೆ ಬರುತ್ತಿದ್ದದ್ದು ಹೋಟೆಲುಗಳ ಹಾಸಿಗೆ ಬಟ್ಟೆ, ಆಸ್ಪತ್ರೆಗಳ ಪರದೆ, ಆಫೀಸಿನವರ ಕೋಟು. ಮುಂದೆ ಕೌಂಟರು, ಬಲಕ್ಕೆ ನೆನೆಹಾಕುವ ತೊಟ್ಟಿಗಳು, ಹಿಂದೆ ಅಕ್ಕನ ಪ್ರೆಸ್ ಕೋಣೆ, ಅದರ ಪಕ್ಕದಲ್ಲೇ ಒಣಗುಕೋಣೆ. ಹಿಂದಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ ಒಂದು ಕಿಂಡಿ. ಒಣಗಿದ ಬಟ್ಟೆ ಆ ಕಿಂಡಿಯಿಂದ ಈಚೆ ಬರುತ್ತಿತ್ತು, ಇಸ್ತ್ರಿಯಾದದ್ದು ಆಚೆ ಹೋಗುತ್ತಿತ್ತು. ಆಚೆ ಕೂತು ಮಡಿಸುತ್ತಿದ್ದವನೇ ಮಡಿಕೆ ಮಾವ. ಹೊಟ್ಟೆ ಒಂದಿಷ್ಟು ಮುಂದಿದ್ದುದರಿಂದ ಮಡಿಕೆ ಎಂಬುದು ಕೆಲಸದಿಂದ ಬಂದ ಹೆಸರೋ ಆಕಾರದಿಂದ ಬಂದದ್ದೋ ಎಂಬ ಚರ್ಚೆ ಕೆಲಸಗಾರರಲ್ಲಿ ಇತ್ತು. ಮಾವ ಮಾತ್ರ ಎರಡಕ್ಕೂ ಒಪ್ಪಿಕೊಂಡಿದ್ದ. ಅರವತ್ತೊಂದರ ಒಂಟಿ ಜೀವ. ಯಾರನ್ನೂ ಏನೂ ಕೇಳಿದವನಲ್ಲ. ಕತ್ತರಿ ಬೇಕಾದರೂ ಕೇಳದೆ, ಹಲ್ಲಿನಲ್ಲಿ ದಾರ ಕಡಿಯುತ್ತಿದ್ದ.

ಎರಡು ಕೋಣೆಗಳಲ್ಲಿ ಎರಡು ಗಿಡಗಳಿದ್ದವು.

ಅಕ್ಕನದು ಜರಿಗಿಡ. ಅದನ್ನು ಅವಳು ತಂದದ್ದಲ್ಲ, ಅದೇ ಬಂದದ್ದು. ಪ್ರೆಸ್ಸಿನ ಹಿಂದೆ ಉಗಿ ಕೊಳವೆಯ ಕೀಲೊಂದು ವರ್ಷಗಟ್ಟಲೆಯಿಂದ ಸೋರುತ್ತಿತ್ತು. ಅಲ್ಲಿ ಗೋಡೆಯ ಬಿರುಕಿನಲ್ಲಿ ಒಂದು ದಿನ ಹಸಿರು ಸುರುಳಿಯೊಂದು ತಲೆ ಎತ್ತಿತ್ತು. ಅದನ್ನು ಹುಷಾರಾಗಿ ಬಿಡಿಸಿ, ಎಲೆಗೊಬ್ಬರ ತುಂಬಿದ ಕುಂಡದಲ್ಲಿ ಕೂರಿಸಿ, ಅದೇ ಕೀಲಿನ ಪಕ್ಕದ ಮೊಳೆಗೆ ತೂಗುಹಾಕಿದಳು. ಹನ್ನೊಂದು ವರ್ಷದಲ್ಲಿ ಅದು ಮದುವಣಗಿತ್ತಿಯ ಸೆರಗಿನ ಹಾಗೆ ಇಳಿಬಿದ್ದಿತ್ತು. ದಿನಕ್ಕೆ ಮೂರು ಸಲ ನೀರು ಚಿಮುಕಿಸುವುದು, ಕಂದಿದ ಎಲೆ ಕತ್ತರಿಸುವುದು, ಬಿಸಿಲು ಬೀಳದಂತೆ ಕಿಟಕಿಗೆ ಹಳೆಯ ದಿಂಬಿನ ಚೀಲ ಕಟ್ಟುವುದು, ಮಣ್ಣಿಗೆ ಬೆರಳಿಟ್ಟು ತೇವ ನೋಡುವುದು, ಹೀಗೆ ಅವಳ ಕೈಗೆ ಬೇಕಾದಷ್ಟು ಕೆಲಸ ಅದು ಕೊಡುತ್ತಿತ್ತು. ಯಾರಾದರೂ ಜರಿಯನ್ನು ಜರಿದರೆ ಅವರ ಅಂಗಿಗೆ ಅಂದು ಎರಡು ಗೆರೆ ಹೆಚ್ಚು ಬೀಳುತ್ತಿದ್ದವು.

ಮಾವನದು ಕಳ್ಳಿ. ಹದಿನಾರು ವರ್ಷದ ಹಿಂದೆ, ಯಾರೋ ಬಿಟ್ಟುಹೋಗಿ ವಾಪಸು ಕೇಳಲು ಬಾರದಿದ್ದ ಕೋಟಿನ ಜೇಬಿಗೆ ಮಾವ ಕೈಹಾಕಿದಾಗ ಬೆರಳಿಗೆ ಚುಚ್ಚಿತ್ತು. ತೆಗೆದು ನೋಡಿದರೆ ಗುಂಡಿಯಷ್ಟು ದಪ್ಪದ ಕಳ್ಳಿಯ ತುಂಡು. ಕೋಟಿನವನು ತನ್ನ ಗುಂಡಿ ಎಂದುಕೊಂಡು ಹುಡುಕಿಕೊಂಡು ಬರಬಹುದೆಂದು ಒಂದು ವಾರ ಕಾದು, ಆಮೇಲೆ ಮರಳು ತುಂಬಿದ ತಗ್ಗಿನ ಮಣ್ಣಿನ ಬಟ್ಟಲಲ್ಲಿ ಇಟ್ಟ. ಒಣಗುಕೋಣೆಯ ಕಿಟಕಿಗೆ ಮಧ್ಯಾಹ್ನದಿಂದ ಸಂಜೆವರೆಗೆ ಬಿಸಿಲು. ಅಲ್ಲಿಯ ಗಾಳಿಯಲ್ಲಿ ನಾಲಿಗೆ ಹೊರಚಾಚಿದರೆ ಅದೂ ಒಣಗಿ ಮಡಿಸಲು ಸಿದ್ಧವಾಗುತ್ತಿತ್ತು. ಕಳ್ಳಿ ವರ್ಷಕ್ಕೆ ಒಂದು ಬೆರಳಗಲದಂತೆ ಏರಿ, ನೆಟ್ಟಗೆ ನಿಂತ ಮುಂಗೈಯಷ್ಟಾಗಿತ್ತು. ಮಾವ ಅದಕ್ಕೆ ಮಾಡುತ್ತಿದ್ದದ್ದು ಏನೆಂದರೆ, ಸೆಖೆಗಾಲದಲ್ಲಿ ತಿಂಗಳಿಗೆ ಒಂದು ಲೋಟ ನೀರು. ಚಳಿ ಶುರುವಾದ ಮೇಲೆ ಅದೂ ಇಲ್ಲ.

"ಅದೂ ಒಂದು ಗಿಡನಾ ಮಾವ? ನನ್ನ ತಲೆ ಬಾಚೋ ಬ್ರಶ್ಶಿಗೆ ಅದಕ್ಕಿಂತ ಜೀವ ಇದೆ" ಎಂದು ಅಕ್ಕ ಕಿಂಡಿಯಿಂದ ರೇಗಿಸುತ್ತಿದ್ದಳು.

"ನಿನ್ನದು ಗಿಡ ಅಲ್ಲಮ್ಮ, ಕೂಸು. ದಿನಕ್ಕೆ ಮೂರ್ ಸಲ ಬಟ್ಟೆ ಬದಲಾಯಿಸ್ಬೇಕು."

"ಆರೈಕೆ ಮಾಡಿದ್ರೆ ತಾನೇ ಬೆಳೆಯೋದು?"

"ಬಿಟ್ರೂ ಬೆಳೆಯತ್ತೆ. ಬಿಡೋಕ್ ಬರ್ಬೇಕು ಅಷ್ಟೆ."

ಈ ಮಾತುಕತೆ ಹನ್ನೊಂದು ವರ್ಷ ನಡೆದಿತ್ತು. ಪದಗಳು ಬದಲಾಗುತ್ತಿದ್ದವು, ತೀರ್ಪು ಬಂದಿರಲಿಲ್ಲ.

ಹಾಗಿರುವಾಗ ಮಾವನ ಸೊಂಟ ಕೈಕೊಟ್ಟಿತು. ಸೊಂಟ ಕೈಕೊಡುವುದು ಹೇಗೆ ಎಂದು ಕೇಳಬೇಡಿ, ಕೀಲು ಸವೆದಿತ್ತು, ಬದಲಿಸಬೇಕೆಂದರು. ಆಸ್ಪತ್ರೆ, ಆಮೇಲೆ ನಡೆಯಲು ಕಲಿಸುವ ಕೇಂದ್ರ, ಒಟ್ಟು ಹತ್ತು ವಾರ. ಹೊರಡುವ ದಿನ ಮಾವ ಕಿಂಡಿಯ ಬಳಿ ಬಂದು ನಿಂತ. ಮಡಿಸಿದ ಚೀಟಿಯೊಂದನ್ನು ನಾಲ್ಕು ಮೂಲೆ ಸರಿಯಾಗಿ ಕೂಡುವಂತೆ ಮತ್ತೆ ಮಡಿಸಿ ಕೊಟ್ಟ.

"ಒಂದು ಕೇಳ್ತೀನಮ್ಮ. ನಾನ್ ಬರೋವರೆಗೂ ಕಳ್ಳಿ ನೋಡ್ಕೊ."

ಇಪ್ಪತ್ತೊಂದು ವರ್ಷದಲ್ಲಿ ಮಾವ ಏನನ್ನಾದರೂ ಕೇಳಿದ್ದು ಅದೇ ಮೊದಲು. ಅಕ್ಕ ಚೀಟಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. "ನನ್ನ ಜರಿಗಿಂತ ಚೆನ್ನಾಗಿ ನೋಡ್ಕೋತೀನಿ ಮಾವ. ಮಾತು ಕೊಟ್ಟೆ."

"ಅಯ್ಯೋ, ಅಷ್ಟೆಲ್ಲ ಚೆನ್ನಾಗಿ ನೋಡ್ಬೇಡ" ಎಂದ ಮಾವ, ನಿಜವಾಗಿಯೂ ಗಾಬರಿಯಾಗಿ.

ಚೀಟಿಯಲ್ಲಿದ್ದದ್ದು ಎರಡೇ ಪದ: *ಏನೂ ಮಾಡಬೇಡ.*

ಮೊದಲ ಎರಡು ವಾರ ಅವಳು ಏನೂ ಮಾಡಲಿಲ್ಲ. ಅಂದರೆ, ದಿನಕ್ಕೆ ಆರು ಸಲ ಒಣಗುಕೋಣೆಗೆ ಹೋಗಿ, ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಏನೂ ಮಾಡದೆ ನಿಂತು ವಾಪಸು ಬರುತ್ತಿದ್ದಳು. ಕಳ್ಳಿಯೂ ಏನೂ ಮಾಡದೆ ನಿಂತಿರುತ್ತಿತ್ತು. ಇಬ್ಬರಲ್ಲಿ ಅದಕ್ಕೇ ಅಭ್ಯಾಸ ಹೆಚ್ಚು.

ಮೂರನೆಯ ವಾರ ಹೊಸ ಮ್ಯಾನೇಜರು ಬಂದ. ಒಗೆಯುವುದಕ್ಕಿಂತ ತೋರಿಸುವುದು ಮುಖ್ಯ ಎಂದು ಎಲ್ಲೋ ತರಬೇತಿ ಪಡೆದವನು. ಕೌಂಟರಿಗೆ ಬಿಳಿ ಬಣ್ಣ ಹೊಡೆಸಿದ, ಎತ್ತರದ ಕುರ್ಚಿ ತರಿಸಿದ, ಕುರ್ಚಿಯ ಮೇಲೆ ತನ್ನ ನಾದಿನಿಯನ್ನು ಕೂರಿಸಿದ. ಆಮೇಲೆ ಹಿಂಗೋಣೆಗಳನ್ನು ಸುತ್ತುಹಾಕಿ, ಎರಡು ಗಿಡಗಳನ್ನು ನೋಡಿ ಚಪ್ಪಾಳೆ ತಟ್ಟಿದ.

"ಇಷ್ಟ್ ಚೆಂದದ ಗಿಡಗಳು ಹಿಂದ್ಗಡೆ ಕೊಳೀತಾ ಬಿದ್ದಿವೆಯಲ್ಲ! ಬಾಗಿಲಿನ ಈಚೆಗೊಂದು, ಆಚೆಗೊಂದು. ಜೋಡಿ!"

"ಸಾರ್, ಅವು ಜೋಡಿ ಅಲ್ಲ" ಎಂದಳು ಅಕ್ಕ. "ಇದಕ್ಕೆ ತೇವ ಬೇಕು, ಅದಕ್ಕೆ ಒಣ ಬೇಕು. ಇದಕ್ಕೆ ನೆರಳು, ಅದಕ್ಕೆ ಬಿಸಿಲು. ಇದಕ್ಕೆ ಗೊಬ್ಬರದ ಮಣ್ಣು, ಅದಕ್ಕೆ ಬರೀ ಮರಳು. ಇದಕ್ಕೆ ದಿನಾ ನೀರು, ಅದಕ್ಕೆ..."

"ಗಂಡ ಹೆಂಡತೀನೂ ಹಾಗೇ ಇರ್ತಾರಮ್ಮ. ಜೋಡಿ ಅನ್ನಲ್ವಾ?"

ಇದಕ್ಕೆ ಉತ್ತರ ಇತ್ತು. ಆದರೆ ಅದು ಅವಳಿಗೆ ಹೊಳೆದದ್ದು ಸಂಜೆ ಬಸ್ಸಿನಲ್ಲಿ. ಉತ್ತರಗಳ ಕೆಟ್ಟ ಚಾಳಿಯೇ ಅದು.

ಗಿಡಗಳು ಮುಂದೆ ಹೋದವು. ಯಾರೂ ಒಂದನ್ನು ಒಯ್ದು ಒಂದನ್ನು ಬಿಡಬಾರದೆಂದು ನಾದಿನಿ ಎರಡೂ ಕುಂಡಗಳ ಕೊರಳಿಗೆ ಸೇರಿಸಿ ಜೋಡಿದಾರ ಕಟ್ಟಿದಳು. ಜೋಡಿದಾರ ಎಂದರೆ ಲಾಂಡ್ರಿಯಲ್ಲಿ ಎಲ್ಲರಿಗೂ ಗೊತ್ತಿರುವ ಉದ್ದನೆಯ ಬಿಳಿ ದಾರ. ಒಂದು ಕಿಟಕಿಯ ಎರಡು ಪರದೆ, ಒಂದು ಹಾಸಿಗೆಯ ಎರಡು ದಿಂಬಿನ ಚೀಲ, ಇಂಥವನ್ನು ಅದರಿಂದ ಕಟ್ಟಿಯೇ ನೀರಿಗೆ ಬಿಡುವುದು. ನಿಯಮ ಸರಳ: ದಾರ ಕಟ್ಟಿದ ಜೋಡಿಯಲ್ಲಿ ಒಂದಕ್ಕೆ ಏನು ಮಾಡಿದರೂ ಇನ್ನೊಂದಕ್ಕೂ ಅದೇ. ಈ ನಿಯಮ ತಂದವಳು ಬೇರೆ ಯಾರೂ ಅಲ್ಲ, ಇಸ್ತ್ರಿ ಅಕ್ಕನೇ. ಎಂಟು ವರ್ಷದ ಹಿಂದೆ ಹೋಟೆಲಿನ ನೀಲಿ ಪರದೆಯೊಂದು ನೆನೆದು, ಅದರ ಜೊತೆಯದು ನೆನೆಯದೆ, ಒಂದು ಆಕಾಶವೂ ಇನ್ನೊಂದು ಸಮುದ್ರವೂ ಆಗಿ ಪ್ರೆಸ್ಸಿಗೆ ಬಂದಾಗ, ತೊಟ್ಟಿಗಳನ್ನು ನೋಡಿಕೊಳ್ಳುವ ತೊಟ್ಟಿ ಚಿಕ್ಕಮ್ಮನಿಗೆ ಅವಳು ಎಲ್ಲರೆದುರು ಉಗಿದಿದ್ದಳು. ಅಂದು ಅವಳ ಮುಂದೆ ಪ್ರೆಸ್ಸಿನ ಉಗಿಯೂ ತಣ್ಣಗಿತ್ತು ಎಂದು ಜನ ಇಂದಿಗೂ ನೆನೆಯುತ್ತಾರೆ.

ಮುಂದಿನ ಎರಡು ವಾರ ಅಕ್ಕನ ಆಯುಷ್ಯದಲ್ಲಿ ಲೆಕ್ಕಕ್ಕೆ ಬಾರದಿದ್ದರೆ ಒಳ್ಳೆಯದಿತ್ತು. ಕೌಂಟರಿನ ಮೇಲೆ ಫ್ಯಾನು ಗರಗರ ತಿರುಗುತ್ತಿತ್ತು. ಅದರ ಕೆಳಗೆ ಜರಿಯ ತುದಿಗಳು ಕಂದಿ, ಮುಟ್ಟಿದರೆ ಬಿಸ್ಕತ್ತಿನ ಪುಡಿಯ ಹಾಗೆ ಉದುರತೊಡಗಿದವು. ಅವಳು ದಿನಕ್ಕೆ ಮೂರು ಸಲದ ಬದಲು ಎಂಟು ಸಲ ಬಂದು ನೀರು ಚಿಮುಕಿಸಿದಳು. ಎಷ್ಟು ಹಾಕಿದರೂ ಅದು ಒಣಗಿತು. ಇತ್ತ ಬಿಸಿಲೇ ಕಾಣದ ಮೂಲೆಯಲ್ಲಿ ಕಳ್ಳಿ ನಿಂತಿತ್ತು. ಬಿಲ್ಲು ಕಾಯುತ್ತ ನಿಂತ ಗಿರಾಕಿಗಳು ಬಾಟಲಿಯಲ್ಲಿ ಉಳಿದ ಗುಟುಕನ್ನು, ನೀರು ಸುರಿಯಲು ಬೇರೆ ಜಾಗವೇ ಈ ಲೋಕದಲ್ಲಿ ಇಲ್ಲವೇನೋ ಎಂಬಂತೆ, ಅದರ ಬುಡಕ್ಕೇ ಸುರಿಯುತ್ತಿದ್ದರು. ನಾದಿನಿಗೆ ಅದು ಸಾಲದೆನಿಸುತ್ತಿತ್ತು.

"ಇದೂ ಬಾಯಾರ್ಕೊಂಡಿರತ್ತಲ್ವಾ ಅಕ್ಕ? ನೀವ್ ನಿಮ್ ಗಿಡಕ್ಕೆ ಮಾತ್ರ ಎಂಟ್ ಸಲ ಹಾಕ್ತೀರ. ಇದಕ್ಕೆ ತಾಯಿ ಇಲ್ಲ ಅಂತ ತಾನೇ?"

"ಅದಕ್ಕೆ ನೀರು ಬೇಡ."

"ನೀರು ಬೇಡದ ಗಿಡ ಇರತ್ತಾ? ಪಾಪ!"

ಆ "ಪಾಪ" ಎಂಬ ಪದವೇ ಪಾಪಾಸುಕಳ್ಳಿಗೆ ಮುಳುವಾಯಿತು. ಅಕ್ಕ ಬೆನ್ನು ತಿರುಗಿಸಿದರೆ ಸಾಕು, ಕಳ್ಳಿಗೆ ಕದ್ದು ನೀರು. ಅವಳು ಕಾಗದದ ಮೇಲೆ ಬರೆದು ಅಂಟಿಸಿದಳು. ಕೌಂಟರಿನ ಅಂದ ಕೆಡುತ್ತದೆಂದು ಮ್ಯಾನೇಜರು ಕಿತ್ತ. ಬೇಡಿಕೊಂಡಳು, ನಾದಿನಿ "ಆಯ್ತಕ್ಕ" ಎಂದು ಹೇಳಿ ಹಾಕಿದಳು. ರೇಗಿದಳು, ನಾದಿನಿ ಅತ್ತು, ಕಣ್ಣೊರೆಸಿಕೊಂಡು, ಮತ್ತೆ ಹಾಕಿದಳು. ಪ್ರತಿ ಬುಧವಾರ ಮಾವ ಕೌಂಟರಿನ ಫೋನಿಗೆ ಕರೆ ಮಾಡುತ್ತಿದ್ದ. ತನ್ನ ಸೊಂಟದ ಬಗ್ಗೆ ಒಂದು ಮಾತು, ಕಳ್ಳಿಯ ಬಗ್ಗೆ ಒಂದು ಮಾತು.

"ಹೇಗಿದೆ?"

"ಹಾಗೇ ಇದೆ ಮಾವ."

"ಒಳ್ಳೇದು. ಹಾಗೇ ಇರ್ಬೇಕು ಅದು."

ಫೋನು ಇಟ್ಟು ಅವಳು ಕಳ್ಳಿಯ ಬುಡದ ಮರಳನ್ನು ಮುಟ್ಟಿ ನೋಡುತ್ತಿದ್ದಳು.

ಐದನೆಯ ವಾರ ಅವಳ ನಾದಿನಿಯ (ಇದು ಬೇರೆ ನಾದಿನಿ, ಗಂಡನ ಸ್ವಂತ ತಂಗಿ) ಮನೆ ಬದಲಾಯಿಸಲು ನೆರವಾಗಬೇಕಿತ್ತು. ಶನಿವಾರ ಸಂಜೆ ಹೊರಟರೆ ಮಂಗಳವಾರ ಬೆಳಿಗ್ಗೆಯೇ ವಾಪಸು. ಅಷ್ಟು ಹೊತ್ತು ತನ್ನ ಜರಿಗೆ ನೀರು ಹಾಕುವವರಾರು? ಯೋಚಿಸಿ ಅವಳು ಲಾಂಡ್ರಿಯವಳು ಮಾತ್ರ ಮಾಡಬಹುದಾದ ಕೆಲಸ ಮಾಡಿದಳು. ಬೀರುವಿನಿಂದ ಒಂದು ನೀಲಿ ಚೀಟಿ ತೆಗೆದು ಜರಿಯ ಕುಂಡಕ್ಕೆ ಕಟ್ಟಿದಳು. ಲಾಂಡ್ರಿಯಲ್ಲಿ ನೀಲಿ ಎಂದರೆ ನೀರಿಗೆ, ಹಳದಿ ಎಂದರೆ ಕಲೆ ತೆಗೆಯಲು, ಕೆಂಪು ಎಂದರೆ ಬಿಸಿಗೆ, ಬಿಳಿ ಎಂದರೆ ಗಂಜಿಗೆ. ಕೌಂಟರಿನ ನಾದಿನಿಗೆ ಮಾತು ಅರ್ಥವಾಗದಿದ್ದರೆ ಬಣ್ಣವಾದರೂ ಆಗಲಿ ಎಂದು. ಕಳ್ಳಿಗೂ ಒಂದು ಕಟ್ಟೋಣವೆಂದು ಬೀರುವನ್ನೆಲ್ಲ ತಡಕಿದಳು. ನೆನೆಸು, ಉಜ್ಜು, ಒಣಗಿಸು, ಗಂಜಿ ಹಾಕು, ಎಲ್ಲದಕ್ಕೂ ಚೀಟಿಯಿತ್ತು. ಏನೂ ಮಾಡಬೇಡ ಎನ್ನಲು ಇರಲಿಲ್ಲ. ನೂರು ವರ್ಷದ ಲಾಂಡ್ರಿಗೆ ಅಂಥದೊಂದು ಬೇಕಾಗಿಯೇ ಇರಲಿಲ್ಲ. ಚೀಟಿ ಇಲ್ಲದ್ದನ್ನು ಯಾರು ಮುಟ್ಟುತ್ತಾರೆ ಎಂದುಕೊಂಡು ಬಸ್ಸು ಹತ್ತಿದಳು.

ಮಂಗಳವಾರ ಬೆಳಿಗ್ಗೆ ಬಂದಾಗ ಬಾಗಿಲಿನ ಎರಡೂ ಬದಿ ಖಾಲಿ.

"ಗಿಡಗಳೆಲ್ಲಿ?"

ನಾದಿನಿ ರಸೀದಿ ಪುಸ್ತಕದಿಂದ ತಲೆ ಎತ್ತಿ, "ಬಟ್ಟೆ ಒಳಗೊಯ್ಯೋ ಗಾಡಿ ಬಂದಿತ್ತಲ್ಲ ಅಕ್ಕ, ಚೀಟಿ ಇತ್ತು ಅಂತ ತಗೊಂಡ್ ಹೋದ್ರು" ಎಂದಳು.

ಅಕ್ಕ ಓಡಿದಳು. ತೊಟ್ಟಿ ಕೋಣೆಯ ಮೂರನೆಯ ತೊಟ್ಟಿಯಲ್ಲಿ, ತಣ್ಣೀರಿನಲ್ಲಿ, ಎರಡು ಕುಂಡಗಳು ಅಕ್ಕಪಕ್ಕ ಕೂತಿದ್ದವು. ಜರಿಯ ಕೂದಲೆಲ್ಲ ನೀರಿನ ಮೇಲೆ ಹರಡಿ ತೇಲುತ್ತಿತ್ತು. ಪಕ್ಕದಲ್ಲಿ ಕಳ್ಳಿ ಕೊರಳವರೆಗೆ ಮುಳುಗಿ, ಸ್ನಾನಕ್ಕೆ ಬಲವಂತವಾಗಿ ಕೂರಿಸಿದ ಯಜಮಾನರ ಹಾಗೆ ತಲೆಯೊಂದನ್ನೇ ಹೊರಗಿಟ್ಟುಕೊಂಡಿತ್ತು. ಜೋಡಿದಾರ ಎರಡರ ನಡುವೆ ನೆನೆದು ಜೋತುಬಿದ್ದಿತ್ತು.

"ಚಿಕ್ಕಮ್ಮಾ! ಏನಿದು? ಎಷ್ಟೊತ್ತಿಂದ?"

"ಶನಿವಾರ ಸಂಜೆಯಿಂದ" ಎಂದಳು ತೊಟ್ಟಿ ಚಿಕ್ಕಮ್ಮ, ಕೈಗವಸು ಬಿಚ್ಚುತ್ತ. "ಸೋಪು ಹಾಕಿಲ್ಲ, ಹೆದರ್ಬೇಡ. ನೀಲಿಗೆ ಮೊದಲು ತಣ್ಣೀರೇ ತಾನೇ."

"ಅದು ಗಿಡ ಅಂತ ಕಾಣ್ಲಿಲ್ವಾ ನಿಮ್ಗೆ?"

"ಕಾಣದೇ ಏನು? ಕಣ್ಣಿಗೆ ಚುಚ್ಚೋ ಹಂಗೆ ಕಾಣ್ತು. ಗಿಡಕ್ಕೂ ನೀಲಿ ಬಂತಲ್ಲ, ಕಾಲ ಹೇಗ್ ಬಂತು ಅಂದ್ಕೊಂಡೆ."

"ಅಂದ್ಕೊಂಡು ಸುಮ್ನೆ ಮುಳುಗಿಸಿಬಿಟ್ರಾ? ಕಳ್ಳಿಗೆ ಚೀಟಿನೇ ಇರ್ಲಿಲ್ವಲ್ಲ!"

ಚಿಕ್ಕಮ್ಮ ಸೊಂಟದ ಮೇಲೆ ಕೈಯಿಟ್ಟಳು. ಎಂಟು ವರ್ಷ ನೆನೆಹಾಕಿದ್ದ ಮಾತು ಅದು, ಚೆನ್ನಾಗಿ ಉಬ್ಬಿತ್ತು. "ಜೋಡಿದಾರ ಇತ್ತು. ಒಂದಕ್ಕೆ ಮಾಡಿದ್ದು ಇನ್ನೊಂದಕ್ಕೂ ಮಾಡ್ಬೇಕು, ಪ್ರಶ್ನೆ ಕೇಳ್ಬಾರ್ದು, ತಲೆ ಓಡಿಸ್ಬಾರ್ದು, ಯಾರ್ ಹೇಳಿದ್ದು ಇದನ್ನ? ಎಲ್ಲರ್ ಮುಂದೆ? ನಾನಾ?"

ಅಕ್ಕ ಸೆರಗು ಸಿಕ್ಕಿಸಿ ತೊಟ್ಟಿಗೆ ಬಾಗಿದಳು. ಯಾರ ಮೇಲೆ ಒಗೆಯೋಣವೆಂದು ಸಿಟ್ಟನ್ನು ಎತ್ತಿದರೂ ಅದು ತಿರುಗಿ ಅವಳ ತಲೆಯ ಮೇಲೇ ಬೀಳುತ್ತಿತ್ತು. ಕಳ್ಳಿಯನ್ನು ಎರಡೂ ಕೈಯಲ್ಲಿ ಎತ್ತಿದಳು. ಮುಳ್ಳು ಚುಚ್ಚಿದ್ದು ಗೊತ್ತಾಗಲಿಲ್ಲ. ಬಟ್ಟಲಿನ ತಳದಿಂದ ನೀರು ಅವಳ ಸೀರೆಯ ಮೇಲೆ ಧಾರೆಯಾಗಿ ಸುರಿಯಿತು.

ಮರುದಿನ ಬುಧವಾರ. "ಹೇಗಿದೆ?" "ಹಾಗೇ ಇದೆ ಮಾವ." ಈ ಸಲ ಅದು ಸುಳ್ಳು.

ಮ್ಯಾನೇಜರು ಎರಡನ್ನೂ ಮತ್ತೆ ಬಾಗಿಲಿಗೇ ಇಡಿಸಿದ. ವಾರ ಕಳೆಯುವಷ್ಟರಲ್ಲಿ ಕಳ್ಳಿಯ ಬುಡ ಹಳದಿಯಾಯಿತು, ಮೆತ್ತಗಾಯಿತು, ಒಂದು ಬೆಳಿಗ್ಗೆ ಬಾಗಿಲಿನ ಕಡೆಗೆ ವಾಲಿಕೊಂಡಿತು, ಬಂದವರಿಗೆ ನಮಸ್ಕಾರ ಮಾಡುವ ಹಾಗೆ. ಮ್ಯಾನೇಜರು ಮೂಗು ಮುರಿದ. "ಸೋತ ಗಿಡ ಕೌಂಟರಿಗೆ ಬೇಡಮ್ಮ. ಎರಡನ್ನೂ ಒಳಗೆ ತಗೊಂಡ್ ಹೋಗು." ಒಳಗೇ ಇರಲಿ ಬಿಡಿ ಎಂದು ನಾಲ್ಕು ವಾರದಿಂದ ಅವಳು ಬೇಡುತ್ತಿದ್ದ ಮಾತನ್ನೇ ಈಗ ಅವನು ತನ್ನ ಹೊಸ ಯೋಚನೆಯೆಂಬಂತೆ ಹೇಳಿದ. ಮಧ್ಯಾಹ್ನದೊಳಗೆ ಬಾಗಿಲಿಗೆ ಎರಡು ಪ್ಲಾಸ್ಟಿಕ್ ಗಿಡಗಳು ಬಂದವು. ನಾದಿನಿ ಅವಕ್ಕೂ ಒಂದೊಂದು ಲೋಟ ನೀರು ಹಾಕಿದಳು, ಪಾಪ ಎಂದು.

ಬಸ್ ನಿಲ್ದಾಣದ ಬಳಿ ಸಸಿ ಮಾರುವವನೊಬ್ಬನಿದ್ದ. ಅಕ್ಕ ಊಟದ ಬಿಡುವಿನಲ್ಲಿ ಕಳ್ಳಿಯನ್ನು ಟವೆಲಿನಲ್ಲಿ ಸುತ್ತಿ ಅವನ ಮುಂದೆ ಹಿಡಿದಳು. ಅವನು ಬುಡವನ್ನು ಬೆರಳಿನಿಂದ ಒತ್ತಿ ನೋಡಿದ. "ಕೊಳೆ ಮೇಲಕ್ಕೆ ಹತ್ತತಾ ಇದೆ. ಇವತ್ತೇ ಕತ್ತರಿಸಿ. ಒಳಗಿನ ಕಂದು ಬಣ್ಣ ಹೋಗೋವರೆಗೂ ಕತ್ತರಿಸ್ತಾನೇ ಇರಿ. ಶುದ್ಧ ಹಸಿರು ಸಿಕ್ತು ಅಂದ್ರೆ ನಿಲ್ಲಿಸಿ. ಆ ತುಂಡನ್ನ ಒಣ ಜಾಗದಲ್ಲಿ ಇಡಿ. ಕೊಯ್ದ ಬಾಯಿ ಒಣಗಿ ಗಟ್ಟಿ ಆದ್ಮೇಲೆ ಮರಳಿನ ಮೇಲೆ ಕೂರಿಸಿ. ಬೇರು ಬರೋವರೆಗೂ ಒಂದು ಹನಿ ನೀರು ಬೇಡ."

"ಎಷ್ಟ್ ದಿನ?"

"ತಿಂಗ್ಳು, ಎರಡ್ ತಿಂಗ್ಳು, ಮೂರು. ಅದರಿಷ್ಟ."

"ಅಲ್ಲಿವರೆಗೆ ನಾನೇನ್ ಮಾಡ್ಲಿ?"

"ಏನೂ ಮಾಡ್ಬೇಡಿ."

ಅವನ ಮುಖಕ್ಕೆ ಗುದ್ದಬೇಕೆನಿಸಿತು ಅವಳಿಗೆ.

ಒಣಗುಕೋಣೆಯಲ್ಲಿ, ಮಾವನ ಮಡಿಸುವ ಮೇಜಿನ ಮೇಲೆ, ಕುದಿವ ನೀರಲ್ಲಿ ಅದ್ದಿ ಒರೆಸಿದ ಚಾಕುವಿನಿಂದ ಕತ್ತರಿಸಲು ಕೂತಳು. ಬುಡದಿಂದ ಒಂದು ಬೆರಳು ಮೇಲೆ ಮೊದಲ ಕೊಯ್ತ. ಒಳಗೆ ನಡುಮಧ್ಯೆ ಕಂದು ಉಂಗುರ. ಇನ್ನೊಂದು ಬೆರಳು. ಉಂಗುರ ಚಿಕ್ಕದಾಗಿತ್ತು, ಹೋಗಿರಲಿಲ್ಲ. ಇನ್ನೊಂದು. ಒಂದು ಬೆರಳೆಂದರೆ ಒಂದು ವರ್ಷ ಎಂಬ ಮಾವನ ಲೆಕ್ಕ ನೆನಪಿಗೆ ಬಂದು, ಅವಳು ವರ್ಷಗಳನ್ನೇ ಎಣಿಸತೊಡಗಿದಳು. ಒಂಬತ್ತನೆಯ ವರ್ಷದಲ್ಲಿ ಉಂಗುರ ಚುಕ್ಕೆಯಾಯಿತು. ಹತ್ತರಲ್ಲಿ ಚುಕ್ಕೆ. ಹನ್ನೊಂದರಲ್ಲೂ ಚುಕ್ಕೆ. "ಸಾಕು ಮಾರಾಯ, ಎಷ್ಟ್ ತಿಂತೀಯ!" ಎಂದು ಅವಳು ಕೊಳೆಗೆ ಗದರಿದಳು. ಹನ್ನೆರಡನೆಯ ಕೊಯ್ತದಲ್ಲಿ ಸೌತೆಕಾಯಿಯಂಥ ತಿಳಿಹಸಿರು ಬಂತು. ಕೈಯಲ್ಲುಳಿದದ್ದು ನಾಲ್ಕು ಬೆರಳಗಲದ ತಲೆ. ಅದನ್ನು ಬಿಸಿಲು ನೇರ ಬೀಳದ ಒಣ ಬೀರುವಿನ ಮೇಲೆ ಮಲಗಿಸಿ, ಹನ್ನೆರಡು ಬಿಲ್ಲೆಗಳನ್ನು ಕಾಗದದಲ್ಲಿ ಸುತ್ತಿಟ್ಟಳು. ಎಸೆಯಲು ಮನಸ್ಸು ಬರಲಿಲ್ಲ.

ಜರಿಯನ್ನು ಹಳೆಯ ಮೊಳೆಗೆ ತೂಗುಹಾಕಿದ್ದಳು. ಆ ದಿನಗಳಲ್ಲಿ ಅದರ ಕಡೆ ನೋಡಲೂ ಅವಳಿಗೆ ಮನಸ್ಸಿರಲಿಲ್ಲ. ನೀರು ಚಿಮುಕಿಸುವ ಡಬ್ಬಿ ಖಾಲಿಯಾಗಿ ಬಿದ್ದಿತ್ತು. ಬೆರಳಿಟ್ಟು ತೇವ ನೋಡಲಿಲ್ಲ, ಎಲೆ ಕತ್ತರಿಸಲಿಲ್ಲ. ಹದಿನೈದು ದಿನದ ಮೇಲೆ ಕೋಟೊಂದರ ತೋಳು ಒತ್ತುತ್ತಿದ್ದವಳು ಅಕಸ್ಮಾತ್ ತಲೆ ಎತ್ತಿದಾಗ, ಒಣಗಿದ ಎಲೆಗಳ ನಡುವೆ ಒಂಬತ್ತು ಹೊಸ ಸುರುಳಿಗಳು ಕಂಡವು. ಕೀಲು ಎಂದಿನಂತೆ ಬುಸ್ ಎಂದು ಉಗಿ ಬಿಟ್ಟಿತು. ಎಲೆಗಳ ಮೇಲೆ ಸಣ್ಣ ಹನಿಗಳು ಕೂತವು. ಹನಿ ಒಂದಕ್ಕೊಂದು ಸೇರಿ ಕುಂಡಕ್ಕೆ ಇಳಿದವು.

ಅವಳು ಇಸ್ತ್ರಿ ಎತ್ತಿ ಹಿಡಿದುಕೊಂಡು ಹಾಗೇ ನಿಂತಳು. ಹನ್ನೊಂದು ವರ್ಷ ಈ ಗಿಡವನ್ನು ಸಾಕಿದವಳು ತಾನೆಂದುಕೊಂಡಿದ್ದಳು. ಸಾಕಿದ್ದು ಸೋರುವ ಕೊಳವೆ. ತಾನು ಬರೀ ಪಕ್ಕದಲ್ಲಿ ನಿಂತು ಕೈಯಾಡಿಸಿದ್ದು. ಕೌಂಟರಿನಲ್ಲಿ ಎಂಟು ಸಲ ನೀರು ಹಾಕಿದರೂ ಒಣಗಿದ್ದು ಅದಕ್ಕೇ. ಇದನ್ನು ಯಾರಿಗಾದರೂ ಹೇಳೋಣವೆಂದರೆ ಹೇಳಬೇಕಾದವನು ಕಿಂಡಿಯ ಆಚೆ ಇರಲಿಲ್ಲ. ಕೀಲನ್ನು ರಿಪೇರಿ ಮಾಡಿಸಿ ಎಂದು ಹನ್ನೊಂದು ವರ್ಷದಲ್ಲಿ ಹತ್ತು ಸಲ ತಾನೇ ಅರ್ಜಿ ಬರೆದದ್ದು ನೆನಪಾಗಿ, ಅರ್ಜಿ ಓದದ ಹಳೆಯ ಮ್ಯಾನೇಜರುಗಳ ಮೇಲೆ ಅವಳಿಗೆ ಮೊದಲ ಬಾರಿ ಗೌರವ ಹುಟ್ಟಿತು.

ಹತ್ತು ವಾರ ಹನ್ನೊಂದಾಗಿ, ಒಂದು ಸೋಮವಾರ ಮಾವ ಬಂದ. ಕೈಯಲ್ಲಿ ಊರುಗೋಲು, ಹೊಟ್ಟೆ ಇಳಿದಿತ್ತು. ಸೀದಾ ಒಣಗುಕೋಣೆಯ ಕಿಟಕಿಗೆ ಹೋದ. ತಗ್ಗಿನ ಬಟ್ಟಲಿನಲ್ಲಿ ಒಣ ಮರಳಿನ ಮೇಲೆ ನಾಲ್ಕು ಬೆರಳಿನ ಕಳ್ಳಿ, ಪೆನ್ಸಿಲಿನ ಎರಡು ತುಂಡುಗಳಿಗೆ ಒರಗಿ ಕೂತಿತ್ತು. ಅಕ್ಕ ಎಲ್ಲವನ್ನೂ ಹೇಳಿದಳು: ಮ್ಯಾನೇಜರು, ದಾರ, ನೀಲಿ ಚೀಟಿ, ತೊಟ್ಟಿ, ಫೋನಿನ ಸುಳ್ಳು. ಕೊನೆಗೆ ಕಾಗದದ ಪೊಟ್ಟಣ ಬಿಚ್ಚಿ, ಒಣಗಿ ಮುದುಡಿದ್ದ ಬಿಲ್ಲೆಗಳನ್ನು ಮೇಜಿನ ಮೇಲಿಟ್ಟಳು.

ಮಾವ ಅವನ್ನು ಬೆರಳಿನಿಂದ ಒಂದೊಂದಾಗಿ ಸರಿಸಿದ. "ಹನ್ನೆರಡ್ ವರ್ಷ ಹೋಯ್ತು" ಎಂದ. ಕನ್ನಡಕ ತೆಗೆದು ಅಂಗಿಯ ಚುಂಗಿನಲ್ಲಿ ಒರೆಸಿದ, ಅದು ಮಂಜಾಗಿರದಿದ್ದರೂ. "ನಾಲ್ಕ್ ಉಳೀತು."

"ಬೈಯ್ರಿ ಮಾವ."

"ಬೈದ್ರೆ ಬೇರು ಬರತ್ತಾ?"

"ನಂಗೆ ಸಮಾಧಾನ ಆದ್ರೂ ಆಗತ್ತೆ!"

ಬೈದಿದ್ದರೆ ಒಗೆದು, ಹಿಂಡಿ, ಒಣಗಿಸಿ ಮುಗಿಯುತ್ತಿತ್ತು. ಮಾವ ಬೈಯಲಿಲ್ಲ. ಹನ್ನೊಂದು ವಾರದಲ್ಲಿ ಅವಳಿಗೆ ಆದ ಎಲ್ಲ ಕಿರಿಕಿರಿಗಿಂತ ದೊಡ್ಡ ಕಿರಿಕಿರಿ ಅದೇ ಆಯಿತು.

"ಫೋನಲ್ಲೇ ಯಾಕ್ ಹೇಳ್ಲಿಲ್ಲ?"

"ಹೇಳಿದ್ರೆ ನೀವು ಎದ್ದು ಓಡಿ ಬರ್ತಿದ್ರಿ."

"ನಾನು? ಓಡಿ?" ಮಾವ ಊರುಗೋಲು ಎತ್ತಿ ತೋರಿಸಿದ. ಇಬ್ಬರಿಗೂ ನಗು ಬಂತು, ಅರ್ಧಕ್ಕೇ ನಿಂತಿತು. ಮಾವ ಕಳ್ಳಿಯ ಕಡೆ ಕೈಚಾಚಿ, ಅಡಿಯಲ್ಲಿ ಬೇರು ಬಂದಿದೆಯೇ ನೋಡಲು ಎತ್ತಹೊರಟ.

"ಮುಟ್ಬೇಡಿ!" ಎಂದು ಅಕ್ಕ ಕಿರುಚಿದಳು. ತೊಟ್ಟಿ ಕೋಣೆಯಲ್ಲಿ ಚಿಕ್ಕಮ್ಮನ ಕೈಯಿಂದ ಬಕೆಟ್ಟು ಬಿದ್ದ ಸದ್ದು ಕೇಳಿಸಿತು. "ಇಪ್ಪತ್ತೊಂಬತ್ತು ದಿನದಿಂದ ನಾನು ಮುಟ್ಟಿಲ್ಲ. ದಿನಕ್ಕೆ ಇಪ್ಪತ್ ಸಲ ಮುಟ್ಬೇಕು ಅನ್ಸತ್ತೆ. ನೀವೀಗ ಬಂದು ಎತ್ತಿ ನೋಡ್ತೀರಾ?"

ಮಾವ ಕೈ ಹಿಂದೆಗೆದುಕೊಂಡ. ಅವಳನ್ನು ಮೇಲಿಂದ ಕೆಳಗೆ, ಹೊಸಬಳನ್ನು ನೋಡುವಂತೆ ನೋಡಿದ. "ನೀನೇ ನೋಡ್ಕೊ ಇನ್ನು" ಎಂದ. "ಡಾಕ್ಟ್ರು ನಂಗೂ ಇನ್ನೆರಡ್ ತಿಂಗಳು ಏನೂ ಮಾಡ್ಬೇಡ ಅಂತಾನೇ ಹೇಳಿದಾರೆ. ನನ್ನ ನೋಡ್ಕೊಳ್ಳೋದೇ ಸಾಕಾಗಿದೆ."

ಮಡಿಸುವ ಮೇಜಿನ ಮುಂದೆ ಕುರ್ಚಿ ಎಳೆದುಕೊಂಡು ಕೂತ. ಕಿಂಡಿಯಿಂದ ಹಾಸಿಗೆ ಬಟ್ಟೆಗಳು ಆಚೆ ಹೋದವು, ಈಚೆ ಬಂದವು. ಮಧ್ಯಾಹ್ನದ ಬಿಸಿಲು ಕಿಟಕಿಗೆ ಬಂದು, ಮರಳಿನ ಮೇಲೆ ಕಳ್ಳಿಯ ನಾಲ್ಕು ಬೆರಳಿನ ನೆರಳು ಬಿತ್ತು. ನಾಲ್ಕು ಗಂಟೆಯ ಹೊತ್ತಿಗೆ ಅಕ್ಕ ಪ್ರೆಸ್ ಆರಿಸಿ, ಕೈ ಒರೆಸಿಕೊಂಡು, ಒಣಗುಕೋಣೆಗೆ ಬಂದು ಬಟ್ಟಲಿನ ಮುಂದೆ ನಿಂತಳು. ಕೈಗಳು ತಾವಾಗಿಯೇ ಕಂಕುಳು ಸೇರಿದವು. ಪೆನ್ಸಿಲ್ ಒಂದು ಚೂರು ವಾಲಿದ ಹಾಗಿತ್ತು. ನೆಟ್ಟಗೆ ಮಾಡೋಣವೇ? ಮರಳು ಒಂದು ಕಡೆ ಜಾಸ್ತಿಯಾದ ಹಾಗಿತ್ತು. ಸರಿಸೋಣವೇ? ಬಟ್ಟಲನ್ನು ಒಂದಿಷ್ಟು ತಿರುಗಿಸಿದರೆ ಆ ಮಗ್ಗುಲಿಗೂ ಬಿಸಿಲು ಬೀಳುತ್ತಿತ್ತು. ಹಲ್ಲು ಕಚ್ಚಿಕೊಂಡಳು.

ಬೆನ್ನ ಹಿಂದೆ, ದಿಂಬಿನ ಚೀಲ ಮಡಿಸುತ್ತ, ತಲೆ ಎತ್ತದೆಯೇ ಮಾವ ಕೇಳಿದ: "ಏನ್ ಮಾಡ್ತಾ ಇದೀಯಮ್ಮಾ?"

"ಏನೂ ಮಾಡ್ತಾ ಇಲ್ಲ ಕಣ್ರೀ ಮಾವ!" ಎಂದು ಅವಳು ಸಿಡಿದಳು.

"ಹಾಂ. ಹಾಗೇ ಮಾಡ್ತಿರು."